ದೀಪ ಆರಿರಲಿಲ್ಲ

ನಮ್ಮ ಮನೆಯಲ್ಲಿ ಬೈಗುಳಕ್ಕಿಂತ ಕೆಟ್ಟ ಮಾತು ಒಂದಿತ್ತು. ‘ಅನಸ್ತೈತಿ’ ಅನ್ನುವ ಮಾತು. ಮಳೆ ಬರ್ತೈತಿ ಅನಸ್ತೈತಿ, ಎತ್ತಿಗೆ ಮೈ ನೆಟ್ಟಗಿಲ್ಲ ಅನಸ್ತೈತಿ, ಹೊರಗ ಯಾರೋ ಬಂದಂಗ ಅನಸ್ತೈತಿ ಎಂದು ಯಾರಾದರೂ ಬಾಯಿ ತೆಗೆದರೆ ಅಪ್ಪ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಅವರ ಮುಖವನ್ನೇ ನೋಡಿ, ದನಿ ಏರಿಸದೆ ಕೇಳುತ್ತಿದ್ದ:

“ಗೊತ್ತೈತೋ, ಅನಸ್ತೈತೋ?”

 ಹೆಚ್ಚಿನವರು ತಲೆ ಕೆರೆದುಕೊಂಡು ಎದ್ದುಹೋಗುತ್ತಿದ್ದರು. ಎದ್ದುಹೋಗುವ ಅನುಕೂಲ ಇಲ್ಲದವರು ಮನೆಯೊಳಗೆ ಇಬ್ಬರು, ಅವ್ವ ಮತ್ತು ನಾನು. ಅಪ್ಪನ ತಮ್ಮ ಈರಣ್ಣ ಕಾಕಾ ಮಾತ್ರ ನಕ್ಕುಬಿಡುತ್ತಿದ್ದ. ಮನೆಯಲ್ಲಿ ಇದ್ದದ್ದು ನಾವು ನಾಲ್ಕೇ ಜನ.

ಆಂಧ್ರದ ಆದೋನಿಯಿಂದ ಹೊಳಗುಂದದ ಕಡೆಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗಿದ್ದ ಹಳ್ಳಿ ನಮ್ಮದು. ಕಲ್ಲುಗೋಡೆ, ಮಣ್ಣಿನ ಮಾಳಿಗೆ, ನಡುಮನೆಗೆ ಒಂದೇ ಬೆಳಕಿಂಡಿ. ಮಾಳಿಗೆಯ ಆ ಕಿಂಡಿಯಿಂದ ಬೀಳುವ ಬಿಸಿಲು ನೆಲದ ಮೇಲೆ ಸರಿಯುತ್ತಾ ಹೋಗುವುದನ್ನು ನೋಡಿಯೇ ಅಪ್ಪ ಹೊತ್ತು ಹೇಳುತ್ತಿದ್ದ. ಬಿಸಿಲು ಒರಳಿನ ಹತ್ತಿರ ಬಂದರೆ ದನ ಬಿಡಬೇಕು, ಒರಳು ದಾಟಿದರೆ ಊಟ. ಅಪ್ಪನ ಲೆಕ್ಕದಲ್ಲಿ ಎಲ್ಲಕ್ಕೂ ಒಂದು ಗೆರೆ ಇತ್ತು. ಅವ್ವ ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಸಮ ಇದೆಯೇ ಎಂದು ಬಾಗಿ ನೋಡುತ್ತಿದ್ದ. ಜೋಳ ಹಸನು ಮಾಡುವ ಕೆಲಸ ನನ್ನದು. ನಾನು ಮಾಡಿ ಮುಗಿಸಿದ ಮೇಲೆ ಒಂದು ಹಿಡಿ ಜೋಳವನ್ನು ಕರಿ ಕಂಬಳಿಯ ಮೇಲೆ ಹರವಿ ಬೆರಳಾಡಿಸುತ್ತಿದ್ದ. ಒಂದು ಹರಳು ಸಿಕ್ಕರೆ ಇಡೀ ಮೊರ ಮತ್ತೆ ಮೊದಲಿಂದ. ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆ ಹರಳನ್ನು ನನ್ನ ಅಂಗೈಯಲ್ಲಿಟ್ಟು ಹೊರಟುಹೋಗುತ್ತಿದ್ದ. ಒಂದೂ ಸಿಗದಿದ್ದ ದಿನ “ಹೂಂ” ಅನ್ನುತ್ತಿದ್ದ. ಆ ಒಂದು ಹೂಂಕಾರಕ್ಕಾಗಿ ನಾನು ಕಣ್ಣು ಉರಿಯುವ ತನಕ ಕೂತಿರುತ್ತಿದ್ದೆ. ಇದನ್ನು ಯಾರ ಮೇಲೂ ಹೊರಿಸುವಂತಿಲ್ಲ. ತಪ್ಪಿಲ್ಲದವಳು ಅನ್ನಿಸಿಕೊಳ್ಳುವುದು ನನಗೆ ಇಷ್ಟವಾಗಿತ್ತು.

ಅವ್ವನಿಗೆ ಕೈ ಅಳತೆ ಇತ್ತು. ಸಾರಿಗೆ ಉಪ್ಪು ಹಾಕುವಾಗ ಆಕೆ ಬೇರೆ ಕಡೆ ನೋಡುತ್ತಾ ಯಾರ ಜೊತೆಗೋ ಮಾತಾಡುತ್ತಿರುತ್ತಿದ್ದಳು, ಉಪ್ಪು ಮಾತ್ರ ತಪ್ಪುತ್ತಿರಲಿಲ್ಲ. ಅಪ್ಪನಿಗೆ ಅದು ಸರಿಬರಲಿಲ್ಲ. ಆದೋನಿಯಿಂದ ಒಂದು ಹಿತ್ತಾಳೆ ಚಮಚ ತಂದು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿ, “ಇದರಾಗ ಎರಡು” ಅಂದ. ಅವ್ವ ಎರಡು ಚಮಚ ಹಾಕಿ, ಅಪ್ಪ ಆಚೆ ಹೋದ ಮೇಲೆ ಕೈಯಿಂದ ಒಂದು ಚಿಟಿಕೆ ಸೇರಿಸುತ್ತಿದ್ದಳು. ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದಳು.

ಅಪ್ಪ ಹೀಗಾಗಿದ್ದಕ್ಕೆ ಕಾರಣ ಇತ್ತು. ನಮ್ಮ ಮನೆಯ ಮುಂದಿನ ಅಂಗಳದ ಅಡಿಯಲ್ಲಿ ಒಂದು ಹಗೇವಿತ್ತು. ಈಗಿನವರಿಗೆ ಹೇಳಬೇಕು: ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಒಣಗಿದ ಜೋಳದ ದಂಟು, ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಪಕ್ಕದ ಮನೆಯ ಮದ್ದಿಲೇಟಿಯವರು ತೆಲುಗಿನಲ್ಲಿ ಪಾತರ ಅನ್ನುತ್ತಿದ್ದರು. ನಮ್ಮ ತಾತ ಒಂದು ವರ್ಷ ದಂಟು ಒಣಗಿದೆ ಎಂದು ಕೈಯಲ್ಲಿ ಮುಟ್ಟಿ ನೋಡಿ, ಸಾಕು ಅನಿಸಿ, ತುಂಬಿಸಿ ಮುಚ್ಚಿಬಿಟ್ಟಿದ್ದನಂತೆ. ಮುಂದಿನ ವರ್ಷ ತೆಗೆದರೆ ಜೋಳವೆಲ್ಲ ಕರ್ರಗೆ ಮುಗ್ಗಿ ಗಟ್ಟಿಯಾಗಿತ್ತು. ಆ ವರ್ಷ ಅಪ್ಪ ಹುಡುಗ, ಕಾಕಾ ಎದೆಹಾಲು ಕುಡಿಯುವ ಕೂಸು. ಊರಿನವರ ಮನೆ ಮುಂದೆ ಸೆರಗೊಡ್ಡಿ ನಿಂತ ತನ್ನ ತಾಯಿಯನ್ನು ಅಪ್ಪ ಕಂಡಿದ್ದ. ಅಂದಿನಿಂದ ಆತನಿಗೆ ಕೈಯ ಮೇಲೆ, ಮೂಗಿನ ಮೇಲೆ, ಮನಸ್ಸಿನ ಮೇಲೆ ನಂಬಿಕೆ ಹೋಯಿತು. ನಾನು ಇದನ್ನೆಲ್ಲ ಅರ್ಥ ಮಾಡಿಕೊಂಡಿದ್ದು ಬಹಳ ತಡವಾಗಿ.

ಈರಣ್ಣ ಕಾಕಾ ಬೇರೆಯದೇ ಮನುಷ್ಯ. ಮದುವೆಯಾಗಿರಲಿಲ್ಲ. ಹತ್ತಿ ಬಂಡಿ ಹೊಡೆದುಕೊಂಡು ಆದೋನಿಗೆ ಹೋದರೆ ನನಗೆ ಬಳೆ, ಅವ್ವನಿಗೆ ಎಲೆ ಅಡಿಕೆ, ತನಗೆ ಒಂದು ಹೊಸ ಹಾಡು ತರುತ್ತಿದ್ದ. ಹಾಡು ಅರ್ಧ ಬರುತ್ತಿತ್ತು, ಉಳಿದರ್ಧ ತಾನೇ ಕಟ್ಟಿ ಹಾಡುತ್ತಿದ್ದ. ಆತ ಬಿತ್ತಿದ ಸಾಲು ಸೊಟ್ಟ. “ಬೇಫಿಕರ್ ಮನಿಷ್ಯಾ” ಎಂದು ಅಪ್ಪ ಗೊಣಗುತ್ತಿದ್ದ. ಆದರೆ ಕಾಕಾ ಎಲ್ಲರನ್ನೂ ಒಂದು ಮಾತು ಕೇಳುತ್ತಿದ್ದ. ಅಂಗಿಯ ಬಟ್ಟೆ ಆರಿಸುವಾಗ, ಎತ್ತು ಕೊಳ್ಳುವಾಗ, ಬಾವಿಯ ನೀರು ಕುಡಿಯುವಾಗ ಸಹ, ನನ್ನಂಥ ಸಣ್ಣವಳನ್ನೂ ಕೇಳುತ್ತಿದ್ದ:

“ನಿನಗ ಹೆಂಗ ಅನಸ್ತೈತಿ ಸುಂಕೀ?”

ಒಂದು ಸಲ ಆತನ ಆ ಮಾತಿನ ಧೈರ್ಯದ ಮೇಲೆ ನಾನು ಬಾಯಿ ಬಿಟ್ಟೆ. ಮನೆಯ ಎಮ್ಮೆ ಗಬ್ಬವಾಗಿತ್ತು. ಹೊಳಗುಂದದಲ್ಲಿ ನೆಂಟರ ಮದುವೆ ಇತ್ತು, ಬಂಡಿ ಕಟ್ಟಿಯಾಗಿತ್ತು. ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಕಣ್ಣು ನೋಡಿ ಬಂದು, ಇವತ್ತು ಈಯುತ್ತದೆ ಅಂದೆ. ಹೇಗೆ ಗೊತ್ತಾಯಿತೆಂದು ಹೇಳಲು ಬರುತ್ತಿರಲಿಲ್ಲ. ಅಷ್ಟು ಗಟ್ಟಿಯಾಗಿ ಅಂದದ್ದರಿಂದಲೋ ಏನೋ, ಬಂಡಿ ಬಿಚ್ಚಿದರು. ಎಮ್ಮೆ ಆವತ್ತು ಈಯಲಿಲ್ಲ. ಮರುದಿನವೂ ಇಲ್ಲ. ಮದುವೆ ಮುಗಿದು, ನೆಂಟರು ಮುನಿಸಿಕೊಂಡು, ನಾಲ್ಕನೆಯ ದಿನ ಈಯಿತು. ಅಪ್ಪ ಕರುವಿನ ಮೈ ಒರೆಸುತ್ತಾ ನನ್ನ ಕಡೆ ತಿರುಗದೆ ಅಂದ:

“ಗೊತ್ತಿದ್ರ ಹೇಳು. ಇಲ್ಲಂದ್ರ ಸುಮ್ಮನಿರು.”

“ಕೂಸಿಂದೇನು ತಪ್ಪಣ್ಣಾ? ಆಕಿ ಸರಿಯಾಗೇ ಹೇಳ್ಯಾಳ. ಎಮ್ಮೀನ ತಡ ಮಾಡೈತಿ” ಎಂದು ಕಾಕಾ ನಗಿಸಲು ನೋಡಿದ. ನನಗೆ ನಗು ಬರಲಿಲ್ಲ. ಅಂದಿನಿಂದ ನನಗೆ ಒಳಗೆ ಏನಾದರೂ ಹೊಳೆದರೆ ಮೊದಲು ಆ ಎಮ್ಮೆ ನೆನಪಾಗುತ್ತಿತ್ತು.

ಹಗೇವು ತೆಗೆಯುವ ದಿನ ಮನೆಯಲ್ಲಿ ಪೂಜೆಯ ದಿನದಷ್ಟೇ ಶಿಸ್ತು. ಮುಚ್ಚಿದ ಕುಣಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ತೆಗೆದ ಕೂಡಲೇ ಇಳಿದವರು ಮೇಲೆ ಬರುವುದಿಲ್ಲ ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬೇರೆ ಮನೆಗಳಲ್ಲಿ ಹಿರಿಯರೊಬ್ಬರು ಬಾಯಿಯ ಹತ್ತಿರ ಕೂತು, ಮೂಸಿ ನೋಡಿ, ಒಂದು ದೀಪ ಇಳಿಬಿಟ್ಟು, ಇನ್ನೂ ತಡೀರಿ ಅಥವಾ ಇಳೀರಿ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೂ ಗೆರೆ. ಹೊತ್ತು ಹುಟ್ಟುವಾಗ ಕಲ್ಲು ಸರಿಸಬೇಕು. ಬೆಳಕಿಂಡಿಯ ಬಿಸಿಲು ಒರಳಿಗೆ ಬರುವ ತನಕ ಬಾಯಿ ತೆರೆದಿರಬೇಕು. ಆಮೇಲೆ ಕಂದೀಲು ಹಚ್ಚಿ, ಹಗ್ಗ ಕಟ್ಟಿ, ಜೋಳಕ್ಕೆ ತಾಕುವ ತನಕ ಇಳಿಬಿಟ್ಟು ನೂರು ಎಣಿಸಬೇಕು. ನೂರು ಮುಗಿಯುವ ತನಕ ದೀಪ ಉರಿಯುತ್ತಿದ್ದರೆ ಇಳಿಯಬಹುದು, ಆರಿದರೆ ಆ ದಿನ ಇಲ್ಲ. ಕಂದೀಲು ನೋಡುವ ಕೆಲಸವನ್ನು ಅಪ್ಪ ನನಗೆ ಕೊಟ್ಟಿದ್ದ. ಹೊರಗಿನ ಬೆಳಕಿನಲ್ಲಿ ಒಳಗಿನ ದೀಪ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ನಾನು ಹಗೇವಿನ ಬಾಯಿಗೆ ಮುಖವಿಟ್ಟು ಬೋರಲು ಮಲಗಬೇಕು, ಅಪ್ಪ ತಲೆಯ ಮೇಲೆ ಗೋಣಿ ಹೊದಿಸಬೇಕು. ಹಗ್ಗ ಅಪ್ಪನ ಕೈಯಲ್ಲಿ, ಕಣ್ಣು ನನ್ನದು. ಮೂರು ವರ್ಷದಿಂದ ನಾನೇ ನೋಡುತ್ತಿದ್ದೆ. ಶಾಲೆಯಲ್ಲಿ ಮಾಸ್ತರು ಕಲಿಸಿದ್ದು ತೆಲುಗು ಎಣಿಕೆ, ಹಾಗಾಗಿ ಒಕಟಿ, ರೆಂಡು, ಮೂಡು ಎಂದು ಗಟ್ಟಿಯಾಗಿ ಎಣಿಸುತ್ತಿದ್ದೆ. ಊರಿನ ಹುಡುಗಿಯರಲ್ಲಿ ಇಂಥ ಜವಾಬುದಾರಿ ಇದ್ದದ್ದು ನನಗೊಬ್ಬಳಿಗೇ ಎಂಬ ಜಂಬ ಬೇರೆ.

ಆ ವರ್ಷ ಬೇಸಗೆಯ ನಡುವೆ ಎರಡು ದಿನ ಮಳೆ ಬಿದ್ದು, ಅಂಗಳದಲ್ಲಿ ನೀರು ನಿಂತು ಇಂಗಿತ್ತು. ಹಗೇವು ತೆಗೆಯಬೇಕಾದ ದಿನ ಅವ್ವ ಬೆಳಿಗ್ಗೆಯೇ ಹೊಸ್ತಿಲಿಗೆ ಬಂದು ನಿಂತಳು. ಕೈಗೆ ಹಿಟ್ಟು ಮೆತ್ತಿತ್ತು.

“ಇವತ್ತು ಬ್ಯಾಡರಿ.”

“ಯಾಕ?” ಅಂದ ಅಪ್ಪ.

“ಯಾಕೋ. ಹೇಳಾಕ ಬರವಲ್ದು.”

ಅಪ್ಪ ಕಾದ. ಆತ ನಿಜವಾಗಿಯೂ ಕಾಯುತ್ತಿದ್ದ, ಅದನ್ನು ಹೇಳಲೇಬೇಕು. ಅವ್ವ ಒಂದು ಕಾರಣ ಕೊಟ್ಟಿದ್ದರೆ, ನೆಲ ಹಸಿ ಐತಿ ಎಂದಷ್ಟೇ ಅಂದಿದ್ದರೂ, ನಿಲ್ಲಿಸುತ್ತಿದ್ದನೇನೋ. ಅವ್ವ ಹಿಟ್ಟಿನ ಕೈಯನ್ನು ನೋಡಿಕೊಂಡು ಒಳಗೆ ಹೋದಳು. ಅಪ್ಪ ಮತ್ತು ಕಾಕಾ ಸೇರಿ ಕಲ್ಲು ಸರಿಸಿದರು.

ವಾಸನೆ ನನಗೂ ಬಂತು. ಪ್ರತಿವರ್ಷ ಬರುತ್ತಿದ್ದದ್ದು ಬೆಚ್ಚನೆಯ ಹಳೇ ಜೋಳದ ವಾಸನೆ. ಈ ಸಲ ಅದರೊಳಗೆ ಒಂದು ಹುಳಿ ಇತ್ತು, ಎರಡು ದಿನದ ಅಂಬಲಿಯ ಹಾಗೆ. ಬಿಸಿಲು ಒರಳಿಗೆ ಬಂತು. ಕಂದೀಲು ಇಳಿಯಿತು. ನಾನು ಗೋಣಿಯ ಕತ್ತಲಲ್ಲಿ ಬೋರಲಾಗಿ ಎಣಿಸತೊಡಗಿದೆ. ಮೊದಮೊದಲು ದೀಪದ ಕುಡಿ ಎಂದಿನ ಹಾಗೆ ನೆಟ್ಟಗಿತ್ತು. ಮೂವತ್ತು ದಾಟಿದ ಮೇಲೆ ಕುಗ್ಗಲು ಶುರುವಾಯಿತು. ಐವತ್ತಕ್ಕೆ ಹೆಬ್ಬೆರಳ ಉಗುರಿನ ಅರ್ಧ.  ಎಣಿಕೆ ನಿಲ್ಲಿಸಬೇಕು ಅನಿಸಿತು. ಆದರೆ ಎಣ್ಣೆ ಕಡಿಮೆ ಇರಬಹುದು, ಬತ್ತಿ ಸರಿ ಕತ್ತರಿಸಿರಲಿಕ್ಕಿಲ್ಲ, ಗಾಜಿಗೆ ಮಸಿ ಹಿಡಿದಿರಬಹುದು. ಏನೆಂದು ಹೇಳಲಿ? ದೀಪ ಸಣ್ಣದಾದರೆ ಏನು ಮಾಡಬೇಕೆಂಬ ಗೆರೆ ಅಪ್ಪನ ಹತ್ತಿರ ಇರಲಿಲ್ಲ. ಆರಿತೇ ಇಲ್ಲವೇ ಎಂಬುದಕ್ಕೆ ಮಾತ್ರ ಇತ್ತು. ಎಮ್ಮೆ ನೆನಪಾಯಿತು. ಎಂಬತ್ತಕ್ಕೆ ಕುಡಿ ಜೋಳದ ಕಾಳಿನಷ್ಟಾಗಿತ್ತು, ನೀಲಿಗೆ ತಿರುಗಿತ್ತು. ಆರಿಬಿಡಲಿ ಎಂದು ನಾನು ಬೇಡಿಕೊಂಡೆ. ಅದು ಆರಿದರೆ ನನಗೆ ಗೊತ್ತಾದಂತಾಗುತ್ತಿತ್ತು. ತೊಂಬತ್ತು, ತೊಂಬತ್ತೈದು, ನೂರು. ಅದು ಆರಲಿಲ್ಲ.

“ಆರಿತಾ?” ಗೋಣಿಯ ಹೊರಗಿಂದ ಅಪ್ಪ.

“ಇಲ್ಲ.”

ಗೋಣಿ ತೆಗೆದರು. ಬಿಸಿಲು ಕಣ್ಣಿಗೆ ಹೊಡೆಯಿತು. ಕಾಕಾ ಧೋತರ ಮೇಲೆ ಕಟ್ಟಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತಿದ್ದ. ಹಾಡುತ್ತಿರಲಿಲ್ಲ. ಮೂಗು ಒಮ್ಮೆ ಮುರಿದ. ಆಮೇಲೆ ನನ್ನ ಕಡೆ ನೋಡಿದ.

“ಹೆಂಗ ಅನಸ್ತೈತಿ ಸುಂಕೀ? ಇಳೀಲಾ?”

ಆ ಮನೆಯಲ್ಲಿ ಅದನ್ನು ಕೇಳುತ್ತಿದ್ದವನು ಆತನೊಬ್ಬನೇ. ನನ್ನ ಹಿಂದೆ ಅಪ್ಪ ನಿಂತಿದ್ದ. ನಾನು ಸರಿಯಾದ ಉತ್ತರ ಕೊಟ್ಟೆ.

“ದೀಪ ಆರಿಲ್ಲ ಕಾಕಾ.”

ಆತ ಇಳಿದ. ಹಗ್ಗ ಕಟ್ಟಿದ ಬಿದಿರು ಪುಟ್ಟಿಯಲ್ಲಿ ಮೂರು ಸಲ ಜೋಳ ಮೇಲೆ ಬಂತು. ಅಪ್ಪ ಎಳೆದು ಸುರಿಯುತ್ತಿದ್ದ, ನಾನು ಮೊರ ಹಿಡಿದು ನಿಂತಿದ್ದೆ. ಮೂರನೆಯ ಪುಟ್ಟಿಯ ಜೋಳ ಮುಟ್ಟಿದರೆ ಬಿಸಿಯಾಗಿತ್ತು. ನಾಲ್ಕನೆಯ ಪುಟ್ಟಿ ಬರಲಿಲ್ಲ. ಅಪ್ಪ ಈರಣ್ಣಾ ಎಂದು ಕೂಗಿದ. ಸೊಂಟದ ಹಗ್ಗ ಎಳೆದರೆ ಬರಿ ಹಗ್ಗ ಬಂತು. ಕೆಲಸಕ್ಕೆ ತೊಡರುತ್ತದೆಂದು ಆತ ಒಳಗೆ ಹೋಗಿ ಅದನ್ನು ಬಿಚ್ಚಿಟ್ಟಿದ್ದ, ಅದು ನಮಗೆ ಆಗಲೇ ತಿಳಿದದ್ದು. ಅಪ್ಪ ಕಾಲು ಇಳಿಬಿಟ್ಟ. ಮದ್ದಿಲೇಟಿ ಓಡಿಬಂದು ಹಿಂದಿನಿಂದ ತಬ್ಬಿ ಹಿಡಿದು, ಇಳಿಯಬೇಡ ಎಂದು ತನ್ನ ತೆಲುಗಿನಲ್ಲಿ ಕೂಗಿದ.

“ದಿಗೊದ್ದನ್ನಾ. ನುವ್ವು ದಿಗೊದ್ದು.”

ಅವ್ವ ಅಪ್ಪನ ಕಾಲಿಗೆ ಬಿದ್ದು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಜನ ಸೇರಿದರು. ಮೊರದಿಂದ ಗಾಳಿ ಹಾಕಿದರು, ಒದ್ದೆ ಗೋಣಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿದರು, ಬಾವಿಯಲ್ಲಿ ಕೊಡ ತೆಗೆಯುವ ಕೊಕ್ಕೆ ತಂದರು. ಕಾಕಾನನ್ನು ಮೇಲೆ ತೆಗೆದಾಗ ಬೆಳಕಿಂಡಿಯ ಬಿಸಿಲು ಒರಳನ್ನು ದಾಟಿ ಗೋಡೆ ಹತ್ತಿತ್ತು. ತಲೆಗೂದಲಲ್ಲಿ ಜೋಳ ಇತ್ತು. ಅವ್ವ ಅದನ್ನು ಒಂದೊಂದೇ ತೆಗೆಯುತ್ತಾ ಕೂತಳು, ಯಾರು ಹೇಳಿದರೂ ಏಳಲಿಲ್ಲ.

ಅಂದಿನಿಂದ ಮಾತಾಡಿಸಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ. ಹೊತ್ತಿಗೆ ಸರಿಯಾಗಿ ಕಲ್ಲು ತೆಗೆದೆ, ಒರಳಿನ ತನಕ ಕಾದೆ, ನೂರು ಎಣಿಸಿದ್ವಿ, ದೀಪ ಆರಿರಲಿಲ್ಲ. ಹೇಳಿ ನನ್ನನ್ನು ಕರೆಯುತ್ತಿದ್ದ.

“ನೂರೂ ಎಣಿಸಿದ್ಯಾ?”

“ಎಣಿಸಿದೆ.”

“ಆರಿರಲಿಲ್ಲ?”

“ಇಲ್ಲ.”

ಬಂದವರು ನನ್ನ ತಲೆ ಸವರಿ, ಕೂಸು ತನ್ನ ಕೆಲಸ ನೆಟ್ಟಗ ಮಾಡೈತಿ, ಇನ್ನೇನು ಮಾಡಾಕಾಗ್ತೈತಿ ಅನ್ನುತ್ತಿದ್ದರು. ನನ್ನ ಕಡೆಯಿಂದ ತಪ್ಪಾಗಿಲ್ಲ ಎಂದು ಇಡೀ ಊರು ಒಪ್ಪಿತು. ಅಷ್ಟು ಹೂಂಕಾರ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ನಾನು ಕೊಟ್ಟಿಗೆಗೆ ಹೋಗಿ ಕರುವಿನ ಪಕ್ಕ ಕೂತು ಅಳುತ್ತಿದ್ದೆ, ಅಳುವಾಗಲೂ ಯಾವುದಕ್ಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಹಗೇವಿಗೆ ಮಣ್ಣು ತುಂಬಿ ಮುಚ್ಚಿದರು. ಅವ್ವ ಹಿತ್ತಾಳೆ ಚಮಚವನ್ನು ಮತ್ತೆ ಮುಟ್ಟಲಿಲ್ಲ. ಆದರೆ ಆಕೆಯ ಕೈಯ ಅಳತೆಯೂ ಹೋಗಿತ್ತು. ಉಪ್ಪನ್ನು ಹಿಡಿದು ಒಲೆಯ ಮುಂದೆ ನಿಂತುಬಿಡುತ್ತಿದ್ದಳು, ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದಳು. ಒಂದು ದಿನ ಸಾರು ಉಪ್ಪು, ಒಂದು ದಿನ ಸಪ್ಪೆ. ಅಪ್ಪ ತಲೆಯೆತ್ತದೆ ಉಣ್ಣುತ್ತಿದ್ದ. ಹೆಂಗ ಅನಸ್ತೈತಿ ಎಂದು ಕೇಳುವವರು ಮನೆಯಲ್ಲಿ ಯಾರೂ ಉಳಿಯಲಿಲ್ಲ.

ನಾನು ಅದೇ ಮೊರ ಹಿಡಿದು ಬೆಳೆದೆ. ಮುಂದೆ ಆದೋನಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆದೆ. ಒಂದು ಅಕ್ಷರ ಮಸುಕಾದರೆ ಇಡೀ ಪುಟ ಮತ್ತೆ ಹೊಡೆಯುತ್ತಿದ್ದೆ. ಸಾಹೇಬರು ಮೆಚ್ಚುತ್ತಿದ್ದರು, ಜೊತೆಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡು ಚಹಾದ ಬಟ್ಟಲು ಕೆಳಗಿಟ್ಟ ರೀತಿ ನೋಡಿ, ಹಗೇವಿನ ಬಾಯಲ್ಲಿ ಅನಿಸಿದ ಹಾಗೆಯೇ, ಬೇಡ ಅನಿಸಿತ್ತು. ಕಾರಣ ಕೇಳಿದರೆ ಏನು ಹೇಳಲಿ ಎಂದು ಒಪ್ಪಿಕೊಂಡೆ. ಆ ಬಾಳಿನ ಕತೆ ಇಲ್ಲಿ ಬೇಡ, ಮೂರು ವರ್ಷಕ್ಕೆ ಮುಗಿಯಿತು. ಇಷ್ಟೆಲ್ಲ ಆದರೂ ನನಗೆ ಬುದ್ಧಿ ಬಂತೆಂದು ಹೇಳಲಾರೆ. ಇವತ್ತಿಗೂ ಒಳಗೆ ಏನಾದರೂ ಹೊಳೆದರೆ ಅದರ ಸಾಕ್ಷಿ ಹುಡುಕುತ್ತಾ ಕೂರುತ್ತೇನೆ, ಹುಡುಕಿ ಮುಗಿಯುವುದರೊಳಗೆ ಆಗುವುದು ಆಗಿಹೋಗಿರುತ್ತದೆ.

ಅವ್ವ ಹೋದ ಮೇಲೆ ಅಪ್ಪ ಆದೋನಿಯಲ್ಲಿ ನನ್ನ ಬಾಡಿಗೆ ಮನೆಗೆ ಬಂದ. ಆಗಲೇ ಮುಪ್ಪು ಹಿಡಿದಿತ್ತು, ಕಣ್ಣು ಮಂದವಾಗಿತ್ತು. ಒಂದು ಸಂಜೆ ಕರೆಂಟು ಹೋಯಿತು. ನಾನು ಹಳೇ ಕಂದೀಲು ಹಚ್ಚಿ, ಎಣ್ಣೆ ಉಳಿಯಲೆಂದು ಬತ್ತಿ ತಗ್ಗಿಸಿದೆ. ಮಂಚದ ಮೇಲಿದ್ದ ಅಪ್ಪ ಅದನ್ನೇ ನೋಡುತ್ತಿದ್ದ. 

“ಅವತ್ತು ಕಲ್ಲು ಸರಿಸಿದ ಕೂಡಲೇ ನನಗ ಹುಳಿ ವಾಸನಿ ಬಂದಿತ್ತು. ಇವತ್ತು ಬ್ಯಾಡ ಅನಿಸಿತ್ತು.”

ಆ ಮಾತು ಆತನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. 

“ದೀಪ ಆರ್ತೈತಿ, ಆರಿದ್ರ ಬಿಟ್ಟುಬಿಡೋಣ ಅಂತ ಹಗ್ಗ ಹಿಡ್ಕಂಡು ಕಾದೆ. ನಿಮ್ಮವ್ವನೂ ಬ್ಯಾಡ ಅಂದಿದ್ಲು. ಈರಣ್ಣನ ಮಾರಿ ನೋಡಿದ್ರ ಅವನಿಗೂ ಮನಸ್ಸಿರಲಿಲ್ಲ. ನೀನು ಆರಿಲ್ಲ ಅಂದಿ.” ಉಸಿರು ತಗೊಂಡು, ನನ್ನ ಕಡೆ ಮುಖ ತಿರುಗಿಸಿದ. “ನಿನಗ? ನಿನಗ ಏನರ ಅನಿಸಿತ್ತಾ ಅವತ್ತು?”

ಹಾಗೆ ನಾವು ನಾಲ್ಕೂ ಜನ ಆ ಬೆಳಿಗ್ಗೆ ಒಂದೇ ದೀಪ ಆರಲೆಂದು ಕಾದಿದ್ದೆವು.  ಸುಳ್ಳು ಹೇಳಿದ್ದರೆ ಆತನಿಗೆ ನೆಮ್ಮದಿಯಾಗುತ್ತಿತ್ತೋ ಏನೋ.

“ಕುಡಿ ಸಣ್ಣದಾಗಿತ್ತಪ್ಪಾ” ಅಂದೆ.

ಅಪ್ಪ ಮಂಚದ ಮೇಲೆ ಎದ್ದು ಕೂತ. ಆಮೇಲೆ ಮೆಲ್ಲಗೆ ಕೇಳಿದ:

“ಎಷ್ಟು ಸಣ್ಣದು?”

ನಾನು ಹೆಬ್ಬೆರಳು ತೋರುಬೆರಳು ಸೇರಿಸಿ, ನಡುವೆ ಒಂದು ಕಾಳಿನಷ್ಟು ಜಾಗ ಬಿಟ್ಟು, ಕಂದೀಲಿನ ಬೆಳಕಿಗೆ ಹಿಡಿದು ತೋರಿಸಿದೆ. ಅಪ್ಪ ಮುಂದಕ್ಕೆ ಬಾಗಿ, ಮಂದ ಕಣ್ಣು ಕಿರಿದು ಮಾಡಿ, ಆ ಬೆರಳುಗಳ ನಡುವೆ ನೋಡತೊಡಗಿದ. ಅಷ್ಟರಲ್ಲಿ ನನಗೆ ಅನುಮಾನ ಬಂತು. ಅದು ಇಷ್ಟೇ ಇತ್ತೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಾನು ಬೆರಳನ್ನು ಒಂದಿಷ್ಟು ಅಗಲಿಸಿದೆ. ಮತ್ತೆ ಕಿರಿದು ಮಾಡಿದೆ.